ಊರು ಬದಲಿಸುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ (ಯಲಹಂಕ, ಬೆಂಗಳೂರು): ನಾವು ಗಂಡ-ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ನನಗೆ ಪೂರ್ತಿ ಮನೆಯಿಂದಲೇ ಕೆಲಸ, ನಮ್ಮ ಮನೆಯವರು ವಾರಕ್ಕೆ ಎರಡು ದಿನ ವೈಟ್‌ಫೀಲ್ಡ್ ಆಫೀಸಿಗೆ ಹೋಗಬೇಕು. ಮಗಳು 6ನೇ ತರಗತಿ, ಸಿಬಿಎಸ್‌ಇ. ಇಲ್ಲಿನ ಟ್ರಾಫಿಕ್ಕು ಸಾಕಾಗಿದೆ. ಮೈಸೂರು, ಹಾಸನ, ಸಕಲೇಶಪುರ, ಈ ಮೂರರಲ್ಲಿ ಎಲ್ಲಿಗೆ ಹೋಗುವುದು ಒಳ್ಳೆಯದು?

ಉತ್ತರ: ಮೈಸೂರಿಗೆ ಹೋಗಿ. ಸಕಲೇಶಪುರದ ಆಸೆಯನ್ನು ಮಗಳ ಪಿಯುಸಿ ಮುಗಿಯುವವರೆಗೆ ಬದಿಗಿಡಿ.

ಊರು ನೋಡಲು ಹೋದವರು ಸಾಮಾನ್ಯವಾಗಿ ‘ಇಲ್ಲಿ ಒಳ್ಳೆಯ ಶಾಲೆ ಇದೆಯಾ, ಆಸ್ಪತ್ರೆ ಇದೆಯಾ’ ಎಂದು ವಿಚಾರಿಸುತ್ತಾರೆ. ಒಂದಾದರೂ ಎಲ್ಲ ಕಡೆ ಇರುತ್ತದೆ. ನೀವು ವಿಚಾರಿಸಬೇಕಾದದ್ದು ಎರಡನೆಯದು ಇದೆಯಾ ಎಂಬುದನ್ನು. ಶಾಲೆ ಮಗಳಿಗೆ ಹಿಡಿಸದಿದ್ದರೆ ಅದೇ ಪಠ್ಯಕ್ರಮದ ಇನ್ನೊಂದು ಶಾಲೆ ಬೇಕು, ಕೆಲಸ ಹೋದರೆ ಅದೇ ಕಸುಬಿನ ಇನ್ನೊಂದು ಕಂಪನಿ ಬೇಕು, ಮಕ್ಕಳ ಡಾಕ್ಟರು ಊರಲ್ಲಿಲ್ಲದ ದಿನ ಇನ್ನೊಬ್ಬರು ಬೇಕು. ಊರು ದೊಡ್ಡದಾದಷ್ಟೂ ಹೆಚ್ಚುವುದು ಇವೇ. 2011ರ ಜನಗಣತಿಯಲ್ಲಿ ಮೈಸೂರು ನಗರ ಸುಮಾರು 9 ಲಕ್ಷ, ಹಾಸನ ಸುಮಾರು 1.3 ಲಕ್ಷ, ಸಕಲೇಶಪುರ 25 ಸಾವಿರದೊಳಗೆ. ಮೈಸೂರಿನಲ್ಲಿ ನಿಮ್ಮ ಕೆಲಸಕ್ಕೆ ಕೆಲವಾದರೂ ಕಂಪನಿಗಳಿವೆ. ಉಳಿದೆರಡು ಊರುಗಳಲ್ಲಿ ನಿಮ್ಮಿಬ್ಬರ ಸಂಬಳವೂ ಬೆಂಗಳೂರನ್ನೇ ನೆಚ್ಚಿಕೊಂಡಿರುತ್ತದೆ.

ಓಡಾಟದ ಲೆಕ್ಕ ಹಾಕೋಣ. ಮೈಸೂರಿನಿಂದ ಮೆಜೆಸ್ಟಿಕ್‌ಗೆ ರೈಲಿನಲ್ಲಿ ಎರಡರಿಂದ ಮೂರು ಗಂಟೆ. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ವೈಟ್‌ಫೀಲ್ಡಿಗೆ ಮುಕ್ಕಾಲು ಗಂಟೆಯ ಮೇಲೆ. ನಡಿಗೆ, ಕಾಯುವುದು ಸೇರಿ ಒಂದು ಕಡೆಗೆ ನಾಲ್ಕು ಗಂಟೆ ಎಂದಿಟ್ಟುಕೊಳ್ಳಿ. ಹೋದ ದಿನವೇ ಹಿಂದಿರುಗುವ ಏರ್ಪಾಡು ಎರಡು-ಮೂರು ತಿಂಗಳಿಗಿಂತ ಹೆಚ್ಚು ನಡೆಯುವುದು ಕಷ್ಟ. ಆಫೀಸಿನ ಎರಡು ದಿನಗಳು ಬೆನ್ನುಬೆನ್ನಿಗೆ ಬರುವಂತೆ ಮಾಡಿಕೊಂಡು, ನಡುವಿನ ಒಂದು ರಾತ್ರಿ ಬೆಂಗಳೂರಿನಲ್ಲೇ ತಂಗಲಿ. ತಿಂಗಳಿಗೆ ನಾಲ್ಕು ರಾತ್ರಿಯ ವಸತಿ, ನಾಲ್ಕು ಸಲದ ಓಡಾಟದ ಖರ್ಚನ್ನು ಬಾಡಿಗೆಯಲ್ಲಿ ಉಳಿಯುವ ಹಣದಿಂದ ಕಳೆಯಿರಿ. ಮಿಕ್ಕಿದ್ದೇ ನಿಜವಾದ ಉಳಿತಾಯ. ಪೆಟ್ರೋಲು, ಫೋನು, ಗ್ಯಾಸು ಸಣ್ಣ ಊರಿನಲ್ಲಿ ಅಗ್ಗವಾಗುವುದಿಲ್ಲ. ಹಾಸನಕ್ಕೆ ಕುಣಿಗಲ್, ಶ್ರವಣಬೆಳಗೊಳದ ಮೂಲಕ ಹೋಗುವ ನೇರ ರೈಲು ಮಾರ್ಗ 2017ರಲ್ಲಿ ತೆರೆದಿದೆ. ಆದರೆ ಮೈಸೂರಿಗಿರುವಷ್ಟು ಗಾಡಿಗಳಿಲ್ಲ, ಒಂದು ತಪ್ಪಿದರೆ ಬಸ್ಸೇ ಗತಿ.

ಮಗಳ ವಿಷಯದಲ್ಲಿ ತಡಮಾಡಬೇಡಿ. ಸಿಬಿಎಸ್‌ಇ ವಿದ್ಯಾರ್ಥಿಗಳ ನೋಂದಣಿ ನಡೆಯುವುದು 9 ಮತ್ತು 11ನೇ ತರಗತಿಯಲ್ಲಿ. 10 ಅಥವಾ 12ಕ್ಕೆ ನೇರವಾಗಿ ಬೇರೆ ಶಾಲೆ ಸೇರಿಸುವುದು ದೊಡ್ಡ ತಲೆನೋವು. ಆದ್ದರಿಂದ 9ನೇ ತರಗತಿ ಶುರುವಾಗುವ ಮುನ್ನ ಹೊಸ ಊರಿನಲ್ಲಿ ನೆಲೆ ನಿಲ್ಲಬೇಕು.

ಹೊರಡುವ ಮುನ್ನ ಇಬ್ಬರೂ ಕಂಪನಿಯಿಂದ ಒಂದು ಪತ್ರ ಪಡೆಯಿರಿ. ಕೆಲಸದ ಸ್ಥಳ ಯಾವುದು, ಆಫೀಸಿಗೆ ವಾರದಲ್ಲಿ ಎಷ್ಟು ದಿನ ಎಂಬುದು ಅದರಲ್ಲಿ ಇರಬೇಕು. ಮ್ಯಾನೇಜರ್ ಬಾಯಿಮಾತಿಗೆ ಮನೆ ಖಾಲಿ ಮಾಡಬೇಡಿ, ಮ್ಯಾನೇಜರ್ ಬದಲಾದ ದಿನ ಆ ಮಾತೂ ಬದಲಾಗುತ್ತದೆ. ಹೊಸ ಊರಿನಲ್ಲಿ ಮೊದಲು 11 ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿಯಿರಿ (ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು). ಅಷ್ಟರಲ್ಲಿ ಒಂದು ಬೇಸಿಗೆಯ ನೀರು, ಒಂದು ಮಳೆಗಾಲದ ಕರೆಂಟು ಎರಡೂ ಗೊತ್ತಾಗುತ್ತವೆ. ಎರಡು ಬೇರೆ ಕಂಪನಿಗಳ ಇಂಟರ್‌ನೆಟ್ ಇರಲಿ. ಎರಡು ಲ್ಯಾಪ್‌ಟಾಪು, ಒಂದು ರೂಟರು, ಒಂದು ಫ್ಯಾನು ಸೇರಿ ಸುಮಾರು 200 ವಾಟ್. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದನ್ನು ಐದು ಗಂಟೆ ಎಳೆಯುತ್ತದೆ. ಮೈಸೂರಿಗೆ ಅಷ್ಟು ಸಾಕು. ಸಕಲೇಶಪುರದಲ್ಲಿ ಜುಲೈ ಗಾಳಿಮಳೆಗೆ ಮರ ಬಿದ್ದು ಲೈನು ಹೋದರೆ ಸಾಕಾಗುವುದಿಲ್ಲ.

ಪ್ರಶ್ನೆ (ಬೆಂಗಳೂರು): ನನಗೆ 66 ವರ್ಷ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ನಾನೂ ನನ್ನ ಹೆಂಡತಿಯೂ ತೀರ್ಥಹಳ್ಳಿಗೆ ಹೋಗಿ ಇರಬೇಕೆಂದಿದ್ದೇವೆ, ಅದು ನಮ್ಮ ಹುಟ್ಟೂರು. ಮಕ್ಕಳು ಬೇಡ ಎನ್ನುತ್ತಿದ್ದಾರೆ.

ಉತ್ತರ: ಮಕ್ಕಳ ಆತಂಕಕ್ಕೆ ಕಾರಣವಿದೆ, ನಿಮ್ಮ ಆಸೆಯೂ ತಪ್ಪಲ್ಲ. ಇಲ್ಲಿ ಮುಖ್ಯವಾಗುವುದು ಗಂಟೆಗಳ ಲೆಕ್ಕ.

ಹೃದಯಾಘಾತವಾದಾಗ ಮುಚ್ಚಿದ ರಕ್ತನಾಳವನ್ನು ಆಂಜಿಯೋಪ್ಲಾಸ್ಟಿ ಮಾಡಿ ತೆರೆಯುವುದು ಉತ್ತಮ ಚಿಕಿತ್ಸೆ. ಆದರೆ ರೋಗ ಪತ್ತೆಯಾದ 120 ನಿಮಿಷದೊಳಗೆ ಅದು ಆಗುವಂತಿರಬೇಕು. ಆಗದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಇದ್ದಲ್ಲೇ ಕೊಟ್ಟು, ಬಳಿಕ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿ.ಮೀ. ಆಂಬುಲೆನ್ಸ್ ಬರುವ ಹೊತ್ತನ್ನೂ ಸೇರಿಸಿದರೆ 120 ನಿಮಿಷ ಮೀರುವ ಸಂಭವವೇ ಹೆಚ್ಚು. ಮಣಿಪಾಲಕ್ಕೆ ಆಗುಂಬೆ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಆ ದಾರಿಯನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ನಿಮಗೆ ತಾಲ್ಲೂಕು ಆಸ್ಪತ್ರೆಯೇ ಆಧಾರ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಟೆನೆಕ್ಟೆಪ್ಲೇಸ್ ಎಂಬ ಆ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಲಾಗಿದೆ. ನೀವೇ ಒಮ್ಮೆ ಹೋಗಿ ಕೇಳಿ: ರಾತ್ರಿ ಎರಡು ಗಂಟೆಗೂ ಇಸಿಜಿ ತೆಗೆಯುವವರಿದ್ದಾರಾ, ಮದ್ದು ಈಗ ದಾಸ್ತಾನಿದೆಯಾ, ಸಿಟಿ ಸ್ಕ್ಯಾನ್ ಎಲ್ಲಿ ಆಗುತ್ತದೆ, 108 ಗಾಡಿ ಎಲ್ಲಿ ನಿಂತಿರುತ್ತದೆ. ಸ್ಕ್ಯಾನ್ ವಿಚಾರ ಪಾರ್ಶ್ವವಾಯುವಿಗಾಗಿ. ಅದಕ್ಕೆ ಹೆಪ್ಪು ಕರಗಿಸುವ ಮದ್ದು ಕೊಡಲು 4.5 ಗಂಟೆಯ ಗಡುವು, ಮೊದಲು ಸ್ಕ್ಯಾನ್ ಆಗಲೇಬೇಕು.

ಉತ್ತರಗಳು ಸಮಾಧಾನ ತಂದರೆ ಹೋಗಿ, ಆದರೆ ತೋಟದ ಒಂಟಿಮನೆ ಬೇಡ, ಪೇಟೆಯೊಳಗಿರಿ. ಹಳೆಯ ಇಸಿಜಿ ಮತ್ತು ಡಿಸ್ಚಾರ್ಜ್ ಸಮ್ಮರಿಯ ಪ್ರತಿಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಹೊಸ ಇಸಿಜಿಯನ್ನು ಹೋಲಿಸಿ ನೋಡಲು ಡಾಕ್ಟರಿಗೆ ಹಳೆಯದು ಬೇಕಾಗುತ್ತದೆ. ಸಮಾಧಾನ ಆಗಲಿಲ್ಲವೇ? ಶಿವಮೊಗ್ಗದಲ್ಲಿ ಮನೆ ಮಾಡಿ, ಊರಿಗೆ ಬೇಕೆಂದಾಗ ಹೋಗಿಬನ್ನಿ. ನಮ್ಮ ಒಲವು ಇದರ ಕಡೆಗೇ. ಆರೋಗ್ಯ ವಿಮೆಯ ವಿಳಾಸ ಬದಲಿಸುವ ಮುನ್ನ ಪಾಲಿಸಿ ಓದಿ: ಕೆಲವು ಪಾಲಿಸಿಗಳಲ್ಲಿ ಸಣ್ಣ ಊರಿನ ವಲಯಕ್ಕೆ ಪ್ರೀಮಿಯಂ ಕಡಿಮೆ, ಆದರೆ ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಿಮ್ಮ ಕೈಯಿಂದಲೇ ಹೋಗುತ್ತದೆ.

ಪ್ರಶ್ನೆ (ಬಳ್ಳಾರಿ): ಊರಿನ ಜನಸಂಖ್ಯೆ ಇಷ್ಟಿದ್ದರೆ ಇಂತಿಂಥ ಸೌಕರ್ಯ ಸಿಗುತ್ತದೆ ಎಂಬ ಲೆಕ್ಕ ಇದೆಯೇ?

ಉತ್ತರ: ಆಡಳಿತಕ್ಕೆ ಇದೆ. 10ರಿಂದ 20 ಸಾವಿರಕ್ಕೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಮೇಲಕ್ಕೆ ಮಹಾನಗರ ಪಾಲಿಕೆ. ಆದರೆ ಸೌಕರ್ಯಗಳು ಇದೇ ಕ್ರಮದಲ್ಲಿ ಬರುವುದಿಲ್ಲ. 2011ರಲ್ಲಿ ಮಡಿಕೇರಿ ಸುಮಾರು 33 ಸಾವಿರ, ಗಂಗಾವತಿ ಒಂದು ಲಕ್ಷ ಮೀರಿತ್ತು. ಸರ್ಕಾರಿ ವೈದ್ಯಕೀಯ ಕಾಲೇಜು, ಜಿಲ್ಲಾಧಿಕಾರಿ ಕಚೇರಿ ಇರುವುದು ಮಡಿಕೇರಿಯಲ್ಲಿ, ಅದು ಜಿಲ್ಲಾ ಕೇಂದ್ರವಾದ್ದರಿಂದ. ಒಂದೇ ಗಾತ್ರದ ಎರಡು ಊರುಗಳಿದ್ದರೆ ಜಿಲ್ಲಾ ಕೇಂದ್ರವನ್ನೇ ಆರಿಸಿ. ಸಿಟಿ ಬಸ್ಸು ಯಾರದೆಂದೂ ನೋಡಿ: ಮಂಗಳೂರು, ಶಿವಮೊಗ್ಗಗಳಲ್ಲಿ ಖಾಸಗಿ ಸಿಟಿ ಬಸ್ಸುಗಳೇ ಹೆಚ್ಚು. ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಅವುಗಳಲ್ಲಿ ನಡೆಯುವುದಿಲ್ಲ.

ಪ್ರಶ್ನೆ (ಹುಣಸೂರು ತಾಲ್ಲೂಕು): ಮಗ ನಮ್ಮ ಹಳ್ಳಿಯ ಶಾಲೆಯಲ್ಲಿ 7ನೇ ತರಗತಿ ಓದುತ್ತಿದ್ದಾನೆ. ಅವನ ಓದಿಗಾಗಿ ಮೈಸೂರಿಗೆ ಮನೆ ಬದಲಿಸುವುದು ಸರಿಯೇ?

ಉತ್ತರ: ಶಾಲೆ ತೀರಾ ಕಳಪೆಯಲ್ಲದಿದ್ದರೆ ಎಸ್ಸೆಸ್ಸೆಲ್ಸಿವರೆಗೆ ಅಲ್ಲೇ ಇರಿ. ವೃತ್ತಿಪರ ಕೋರ್ಸುಗಳ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 15% ಮೀಸಲಾತಿ ಇದೆ. 1ರಿಂದ 10ರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು, ಒಂದು ವರ್ಷ ತಪ್ಪಿದರೂ ಸಿಗದು. ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ, ಮನೆ ಇರುವ ಜಾಗವಲ್ಲ. ಹಳ್ಳಿಯಲ್ಲೇ ಇದ್ದು ಹುಣಸೂರು ಪೇಟೆಯ ಶಾಲೆಗೆ ವ್ಯಾನಿನಲ್ಲಿ ಕಳಿಸಿದರೂ ಹಕ್ಕು ಹೋಗುತ್ತದೆ. ಹತ್ತೂ ವರ್ಷ ಕನ್ನಡ ಮಾಧ್ಯಮವಾಗಿದ್ದರೆ ಇನ್ನೊಂದು 5% ಮೀಸಲಾತಿಗೂ ಅರ್ಹತೆ. ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಪ್ರವರ್ಗ, ಆದಾಯದ ಷರತ್ತುಗಳು ಬೇರೆ ಇವೆ, ಅವನ್ನೂ ವಿಚಾರಿಸಿ. ಪಿಯುಸಿಗೆ ಮೈಸೂರು ಸೇರಿಸಿದರೆ ಏನೂ ನಷ್ಟವಿಲ್ಲ.

ಪ್ರಶ್ನೆ (ತುಮಕೂರು): ಬೆಂಗಳೂರಿಗಿಂತ ಇಲ್ಲೇ ನೆಮ್ಮದಿ ಎಂದು ಊರಾಚೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ 30x40 ಸೈಟಿನ ಮನೆಯೊಂದನ್ನು 50 ಲಕ್ಷಕ್ಕೆ ನೋಡಿದ್ದೇವೆ. ಕೊಳ್ಳಬಹುದೇ?

ಉತ್ತರ: ಆ ಬಡಾವಣೆಯಲ್ಲೇ ಕೆಲವು ತಿಂಗಳು ಬಾಡಿಗೆಗಿದ್ದು ನೋಡಿ. ಕೊಂಡ ದಿನವೇ ಕೈಬಿಡುವ ಹಣ ಇಷ್ಟು: ಮುದ್ರಾಂಕ ಶುಲ್ಕ 5%, ಅದರ ಮೇಲೆ 10% ಸೆಸ್ಸು ಮತ್ತು ಗ್ರಾಮೀಣ ಭಾಗದಲ್ಲಿ 3% ಸರ್‌ಚಾರ್ಜು, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2%. ಒಟ್ಟು 7.65%, ಅಂದರೆ 3,82,500 ರೂಪಾಯಿ. ಊರು ಒಗ್ಗದೆ ಮಾರಿದರೆ ಇದು ವಾಪಸು ಬರುವುದಿಲ್ಲ.

ಕಾಗದಪತ್ರಗಳಲ್ಲಿ ಭೂ ಪರಿವರ್ತನೆ ಆದೇಶ, ಅನುಮೋದಿತ ಬಡಾವಣೆ ನಕ್ಷೆ, ಇ-ಸ್ವತ್ತಿನ (ಗ್ರಾಮ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9 ಮತ್ತು 11ಎ, 30 ವರ್ಷದ ಋಣಭಾರ ಪತ್ರ ಇವಿಷ್ಟೂ ಬೇಕು. ಸರಿಯಾದ ಅನುಮೋದನೆಯಿಲ್ಲದ ಆಸ್ತಿಗೆ ಕೊಡುವ ಫಾರಂ 11ಬಿ ತೋರಿಸಿ ‘ಎರಡೂ ಒಂದೇ’ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ, ವಕೀಲರಿಗೆ ತೋರಿಸಿ.

ನೀರಿನ ವಿಚಾರವನ್ನು ಮಾರುವವರ ಬಳಿ ಕೇಳಬೇಡಿ, ಎದುರುಮನೆಯವರನ್ನು ಕೇಳಿ: ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ? ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ 540 ಲೀಟರ್. ಎಂಟು ದಿನಕ್ಕೊಮ್ಮೆಯಾದರೆ 4,320 ಲೀಟರ್ ಶೇಖರಣೆ ಬೇಕು. ಒಳಅಳತೆ 6 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳದ ಸಂಪಿನಲ್ಲಿ ಸುಮಾರು 5,000 ಲೀಟರ್ ಹಿಡಿಯುತ್ತದೆ. ಅದಕ್ಕಿಂತ ಚಿಕ್ಕದಿದ್ದರೆ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯಬೇಕಾಗುತ್ತದೆ.

ಒಳಚರಂಡಿ ಇಲ್ಲದ ಬಡಾವಣೆಯಾದರೆ ಕೊಳವೆಬಾವಿಗೂ ಶೌಚದ ಇಂಗುಗುಂಡಿಗೂ ಕನಿಷ್ಠ 50 ಅಡಿ ಅಂತರ ಇರಬೇಕು. 30x40 ಸೈಟಿನ ಮೂಲೆಯಿಂದ ಮೂಲೆಗೆ ಇರುವುದೇ 50 ಅಡಿ, ಅಕ್ಕಪಕ್ಕದವರ ಗುಂಡಿಗಳು ಇನ್ನೂ ಹತ್ತಿರ. ಮುಂಗಡ ಕೊಡುವ ಮುನ್ನ ಆ ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದ್ದರೆ ಕುಡಿಯಲು ಯೋಗ್ಯವಲ್ಲ, ಹಸುಗೂಸಿರುವ ಮನೆಯಲ್ಲಂತೂ ಕೂಡದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಮಾಮೂಲಿ ಕ್ಯಾಂಡಲ್ ಫಿಲ್ಟರಿನಿಂದಲೂ ಆಗದು, ಆರ್‌ಒ ಹಾಕಿಸಬೇಕು. ಅದರ ಖರ್ಚನ್ನೂ ಮನೆಯ ಬೆಲೆಯ ಮಾತುಕತೆಯಲ್ಲಿ ಸೇರಿಸಿ.