ಬೆಳ್ಳಗಾದದ್ದನ್ನು ಬಳಸಬೇಡಿ
ಮಂಡ್ಯದಿಂದ ಕೇಳಿದ್ದೀರಿ: ಒಲೆಯಿಕ್ ಆಸಿಡ್ (ಎಣ್ಣೆ), ಟ್ವೀನ್ 80 (ಎಣ್ಣೆ-ನೀರು ಕೂಡಿಸುವ ಸೋಪಿನಂಥ ಪದಾರ್ಥ), ಅದಕ್ಕೆ ನೆರವಾಗುವ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿ ನೋವಿನ ಔಷಧ ಕೀಟೋಪ್ರೊಫೆನ್‌ನ ಮೈಕ್ರೋಎಮಲ್ಷನ್ (ಎಣ್ಣೆ ನೀರು ಅತಿಸಣ್ಣ ಹನಿಗಳಾಗಿ ಬೆರೆತ ತಿಳಿ ದ್ರವ) ಮಾಡಿದೆ, ನೀರು ಹಾಕುತ್ತಾ ಹೋದರೆ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಯಿತು, ಇದನ್ನೇ ಪ್ರಾಜೆಕ್ಟಿಗೆ ಬಳಸಬಹುದಾ ಅಂತ.

ಬೇಡ. ಬೆಳ್ಳಗಾಯಿತು ಅಂದರೆ ಹನಿಗಳು ದೊಡ್ಡದಾಗಿವೆ. ಮೈಕ್ರೋಎಮಲ್ಷನ್ನಿನ ಹನಿ ಸುಮಾರು 10ರಿಂದ 100 ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 400 ನ್ಯಾನೋಮೀಟರಿನಿಂದ ಶುರು, ಹನಿ ಅದಕ್ಕಿಂತ ತುಂಬಾ ಸಣ್ಣದು. ಅದಕ್ಕೇ ಅದು ಗಾಜಿನಂತೆ ತಿಳಿಯಾಗಿರುತ್ತದೆ. ಟೆಸ್ಟ್ ಟ್ಯೂಬಿನ ಹಿಂದೆ ಪೇಪರ್ ಹಿಡಿಯಿರಿ, ಅಕ್ಷರ ಓದಲು ಬರಬೇಕು.

ಸುಮ್ನೆ ಜೋರಾಗಿ ಕಲಕಿ ಪ್ರಯೋಜನವಿಲ್ಲ. ಅಳತೆ ಸರಿಯಿದ್ದರೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಎಣ್ಣೆ ಕಡಿಮೆ ಮಾಡಿ, ಟ್ವೀನ್ ಮತ್ತು ಗ್ಲೈಕಾಲ್ ಮಿಶ್ರಣವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಹನಿಹನಿಯಾಗಿ ನೀರು ಬಿಡಿ. ಎಲ್ಲಿ ಮಸುಕಾಯಿತೋ ಅಲ್ಲಿ ಬರೆದುಕೊಂಡು, ಎಣ್ಣೆ, ಟ್ವೀನ್-ಗ್ಲೈಕಾಲ್, ನೀರು ಮೂರರ ಪಾಲು ತೋರಿಸುವ ತ್ರಿಕೋನ ನಕ್ಷೆ ಹಾಕಿ. ಮೈಸೂರಿನಲ್ಲಿ ಓದುವಾಗ ಏಪ್ರಿಲ್ ಮಧ್ಯಾಹ್ನ ತಿಳಿಯಾಗಿದ್ದ ನನ್ನ ಟ್ಯೂಬು ಫ್ರಿಜ್ಜಿನಲ್ಲಿಟ್ಟ ಮೇಲೆ ಮಸುಕಾಗಿತ್ತು. ಹಾಗಾಗಿ ಉಷ್ಣಾಂಶವನ್ನೂ ಬರೆದಿಡಿ.

ಹಾಗಂತ ಟ್ವೀನ್ ಜಾಸ್ತಿ ಸುರಿಯಬೇಡಿ. ಚರ್ಮ ಉರಿಯಬಹುದು. ಔಷಧ ಹನಿಯೊಳಗೇ ಸಿಕ್ಕಿಕೊಂಡು ಚರ್ಮದೊಳಗೆ ಇಳಿಯುವುದೂ ಕಡಿಮೆಯಾಗುತ್ತದೆ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯಲ್ಲಿ ಉರಿ ಬರಿಸಿಕೊಂಡ ಅಜ್ಜಿಯರ ಮಂಡಿಗೆ ಹಚ್ಚಲೆಂದೇ ಇಷ್ಟೆಲ್ಲ ಕಷ್ಟ ಪಡುತ್ತಿದ್ದೀರಿ, ಅಲ್ವಾ? ಒಲೆಯಿಕ್ ಆಸಿಡ್ ಮಾತ್ರ ಪೂರ್ತಿ ಬಿಡಬೇಡಿ. ಚರ್ಮದ ಮೇಲ್ಪದರದ ಕೊಬ್ಬಿನ ಬಿಗಿಯನ್ನು ಸಡಿಲಿಸುವುದು ಅದೇ.

ತಿಳಿಯಾದದ್ದು ನೀರಿನಂತೆ ಮಂಡಿಯಿಂದ ಹರಿದುಹೋಗುತ್ತದೆ. ದ್ರವವನ್ನು ಗಟ್ಟಿ ಮಾಡುವ ಕಾರ್ಬೊಪಾಲ್ ಪುಡಿ ಹಾಕಿ ಜೆಲ್ ಮಾಡಿ, ಮತ್ತೆ ಅದೇ ಪೇಪರ್ ಹಿಡಿದು ನೋಡಿ.