ಓದುಗರ ಪ್ರಶ್ನೆ: ಕನೆಕ್ಟಿಂಗ್ ರಾಡ್‌ನ ಬೋಲ್ಟನ್ನು ಎಷ್ಟು ಬಿಗಿಯಬೇಕು?

ಪ್ರಶ್ನೆ: ನಮ್ಮ ತಂದೆಯವರ ಹಳೆಯ ಮಾರುತಿ 800 ಕಾರಿನ ಇಂಜಿನ್ನನ್ನು ಪೂರ್ತಿ ಬಿಚ್ಚಿ, ತುಮಕೂರಿನ ಲೇತ್ ಅಂಗಡಿಯೊಂದರಲ್ಲಿ ಸಿಲಿಂಡರ್ ಬೋರಿಂಗ್ ಮತ್ತು ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿದ್ದೇನೆ. ಜೋಡಣೆಯನ್ನು ನಾನೇ ಮಾಡಬೇಕೆಂಬ ಆಸೆಯಿಂದ ಟಾರ್ಕ್ ರೆಂಚ್ ಒಂದನ್ನೂ ಕೊಂಡಿದ್ದೇನೆ. ನಮ್ಮೂರಿನ ಹಿರಿಯ ಮೇಸ್ತ್ರಿಯವರು ‘ರೆಂಚು ಯಾಕಪ್ಪ, ಕೈಗೇ ಗೊತ್ತಾಗುತ್ತೆ’ ಎನ್ನುತ್ತಾರೆ. ಸ್ನೇಹಿತ ಥ್ರೆಡ್‌ಗೆ ಆಯಿಲ್ ಹಚ್ಚಲೇಬೇಕು ಎನ್ನುತ್ತಾನೆ. ಬಿಡಿಭಾಗದ ಅಂಗಡಿಯವರು ಥ್ರೆಡ್ ಹಿಡಿಯುವ ಅಂಟು ಹಚ್ಚಿದರೆ ಎಂದೂ ಸಡಿಲವಾಗದು ಎನ್ನುತ್ತಾರೆ. ಯಾರ ಮಾತು ಸರಿ? ಬಿಗಿದ ಮಾರನೆಯ ದಿನ ಇನ್ನೊಮ್ಮೆ ರೆಂಚ್ ಹಾಕಿ ನೋಡಿದರೆ ಸಾಕೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಂಗಡಿಯವರ ಮಾತನ್ನು ಮೊದಲೇ ಬದಿಗಿಡಿ, ತಯಾರಕರು ಸ್ಪಷ್ಟವಾಗಿ ಹೇಳದ ಹೊರತು ಕನೆಕ್ಟಿಂಗ್ ರಾಡ್, ಅಂದರೆ ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಸೇರಿಸುವ ರಾಡ್, ಅದರ ಬೋಲ್ಟಿಗೆ ಅಂಟು ಹಚ್ಚುವ ಪದ್ಧತಿ ಇಲ್ಲ. ಉಳಿದಿಬ್ಬರ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ತೂಗಬೇಕಾದರೆ, ಆ ಬೋಲ್ಟು ಹೊರುವ ಹೊರೆ ಎಂಥದ್ದೆಂದು ತಿಳಿದಿರಬೇಕು.

ನಿಮ್ಮ ಇಂಜಿನ್ 796 ಸಿ.ಸಿ.ಯದು, ಅದರ ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ ಚಲಿಸುವ ದೂರ, 72 ಮಿಲಿಮೀಟರ್. ಪಿಸ್ಟನ್, ಪಿನ್, ರಿಂಗ್‌ಗಳು ಮತ್ತು ರಾಡ್‌ನ ಮೇಲ್ಭಾಗ ಸೇರಿ 400 ಗ್ರಾಂ ಎಂದು ಹಿಡಿಯೋಣ. ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ, ಮೇಲಕ್ಕೆ ನುಗ್ಗುತ್ತಿರುವ ಆ 400 ಗ್ರಾಮನ್ನು ತುದಿಯಲ್ಲಿ ತಡೆದು ಕೆಳಕ್ಕೆ ತಿರುಗಿಸಲು ಬೇಕಾಗುವ ಎಳೆತ ಸುಮಾರು 750 ಕೆ.ಜಿ. ತೂಕಕ್ಕೆ ಸಮ. ಹೊಗೆ ಹೊರಹೋಗುವ ಸ್ಟ್ರೋಕ್‌ನ ತುದಿಯಲ್ಲಿ ಪಿಸ್ಟನ್ನನ್ನು ಮೇಲಿನಿಂದ ಅದುಮಲು ಅನಿಲದ ಒತ್ತಡವೂ ಇರುವುದಿಲ್ಲವಾದ್ದರಿಂದ, ಈ ಎಳೆತವೆಲ್ಲ ರಾಡ್‌ನ ಎರಡು ಬೋಲ್ಟುಗಳ ಮೇಲೆಯೇ ಬೀಳುತ್ತದೆ. ವೇಗ ಅರ್ಧವಾದರೆ ಹೊರೆ ಕಾಲು ಭಾಗಕ್ಕೆ ಇಳಿಯುತ್ತದೆ, ಇಮ್ಮಡಿಯಾದರೆ ನಾಲ್ಕು ಪಟ್ಟಾಗುತ್ತದೆ. ದೇವರಾಯನದುರ್ಗದ ಏರಿನಲ್ಲಿ ಇಂಜಿನ್ ಏದುಸಿರು ಬಿಡುವುದಕ್ಕಿಂತ, ಇಳಿಯುವಾಗ ಅವಸರದಲ್ಲಿ ಮೂರನೇ ಗೇರಿನಿಂದ ಒಂದನೇ ಗೇರಿಗೆ ತಪ್ಪಿ ಬಿದ್ದು ಇಂಜಿನ್ ಕಿರುಚುವುದೇ ಈ ಬೋಲ್ಟುಗಳಿಗೆ ಹೆಚ್ಚು ಅಪಾಯಕಾರಿ.

ಬೋಲ್ಟು ಇದನ್ನು ತಾಳುವ ಬಗೆಯನ್ನು ನಮ್ಮ ಎತ್ತಿನ ಗಾಡಿಯ ಚಕ್ರದಲ್ಲಿ ನೋಡಬಹುದು. ಕಬ್ಬಿಣದ ಪಟ್ಟಿಯನ್ನು ಕಾಸಿ ಮರದ ಚಕ್ರಕ್ಕೆ ತೊಡಿಸಿ ನೀರು ಸುರಿದರೆ, ಪಟ್ಟಿ ಕುಗ್ಗಿ ಮರವನ್ನೆಲ್ಲ ಬಿಗಿದು ಹಿಡಿಯುತ್ತದೆ. ಆಮೇಲೆ ಗಾಡಿಯ ಮೇಲೆ ಹೊರೆ ಬಿದ್ದರೂ ಕೀಲುಗಳು ಅಲುಗುವುದಿಲ್ಲ. ರಾಡ್ ಬೋಲ್ಟಿನ ಕೆಲಸವೂ ಇದೇ. ಬಿಗಿಯುವಾಗ ಅದು ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಉದ್ದವಾಗಿ, ಮರಳಿ ಕುಗ್ಗಲು ಹವಣಿಸುತ್ತ, ರಾಡ್ ತುದಿಯನ್ನು ಕ್ರ್ಯಾಂಕಿನ ಸುತ್ತ ಮುಚ್ಚುವ ಕ್ಯಾಪನ್ನು ರಾಡ್‌ಗೆ ಅದುಮುತ್ತದೆ. ಈ ಅದುಮುವಿಕೆ ಎಳೆತಕ್ಕಿಂತ ಹೆಚ್ಚಿರುವವರೆಗೆ ಜೋಡಣೆ ಬಾಯಿ ಬಿಡುವುದಿಲ್ಲ, ಬೋಲ್ಟಿಗೆ ತಟ್ಟುವ ಏರಿಳಿತವೂ ಅತ್ಯಲ್ಪ. ಕಡಿಮೆಯಾದರೆ ಪ್ರತಿ ಸುತ್ತಿಗೂ ಬೋಲ್ಟು ಎಳೆದು ಬಿಟ್ಟಂತಾಗಿ, ದಣಿದು, ಒಂದು ದಿನ ತುಂಡಾಗುತ್ತದೆ. ಆಗ ಹಿಡಿತ ತಪ್ಪಿದ ರಾಡ್ ಇಂಜಿನ್ ಬ್ಲಾಕಿನ ಗೋಡೆಯನ್ನೇ ಒಡೆದು ಹೊರಬರುವುದುಂಟು. ಹಾಗಾಗಿ ಬೋಲ್ಟು ತುಂಡಾದದ್ದನ್ನು ಕಂಡ ಕೂಡಲೇ ‘ಹೆಚ್ಚು ಬಿಗಿದಿದ್ದರು’ ಎಂದು ತೀರ್ಮಾನಿಸಬಾರದು. ಕಡಿಮೆ ಬಿಗಿದಿದ್ದಕ್ಕೂ ಅದು ತುಂಡಾಗುತ್ತದೆ.

ಆದ್ದರಿಂದ ನಮಗೆ ಬೇಕಾದದ್ದು ಬೋಲ್ಟಿನ ನಿರ್ದಿಷ್ಟ ಹಿಗ್ಗು. ಟಾರ್ಕ್ ರೆಂಚು ಅಳೆಯುವುದು ಅದನ್ನಲ್ಲ, ತಿರುಗಿಸಲು ನೀವು ಹಾಕಿದ ಬಲವನ್ನು. ಆ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ನಟ್ ಕೂರುವ ಮುಖದ ಉಜ್ಜಾಟಕ್ಕೆ, ಸುಮಾರು 40 ಭಾಗ ಥ್ರೆಡ್‌ಗಳ ಉಜ್ಜಾಟಕ್ಕೆ ಹೋಗಿ, ನೂರರಲ್ಲಿ ಹತ್ತು ಭಾಗ ಮಾತ್ರ ಬೋಲ್ಟನ್ನು ಹಿಗ್ಗಿಸಲು ಉಳಿಯುತ್ತದೆ. ಉಜ್ಜಾಟದಲ್ಲಿ ಸ್ವಲ್ಪವೇ ವ್ಯತ್ಯಾಸವಾದರೂ ಆ ಹತ್ತರ ಪಾಲು ಏರುಪೇರಾಗುತ್ತದೆ. ತುಕ್ಕು ಕೂತ ಥ್ರೆಡ್‌ನಲ್ಲಿ ಹೊಂದಿಸಿದ ಅಂಕಿ ಮುಟ್ಟಿತೆಂದು ರೆಂಚು ‘ಕ್ಲಿಕ್’ ಎಂದರೂ ಬೋಲ್ಟು ಸಡಿಲವೇ ಆಗಿರಬಹುದು. ಒಣ ಥ್ರೆಡ್‌ಗೆಂದು ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿ ಬಿಗಿದರೆ ಹಿಡಿತ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಮಿತಿ ಮೀರಬಹುದು. ಆಯಿಲ್ ಹಚ್ಚಬೇಕೇ ಎಂಬುದನ್ನು ನಿಮ್ಮ ಸ್ನೇಹಿತರಲ್ಲ, ಆ ಇಂಜಿನ್ನಿನ ವರ್ಕ್‌ಶಾಪ್ ಮ್ಯಾನ್ಯುಯಲ್ ನಿರ್ಧರಿಸಬೇಕು. ಅದು ಇಂಜಿನ್ ಆಯಿಲ್ ಹಚ್ಚಲು ಹೇಳಿದ್ದರೆ ಥ್ರೆಡ್‌ಗಷ್ಟೇ ಅಲ್ಲದೆ ನಟ್ ಕೂರುವ ಮುಖಕ್ಕೂ ಹಚ್ಚಬೇಕು. ಆ ಮುಖವನ್ನು ಮರೆಯುವವರೇ ಹೆಚ್ಚು.

ಮೇಸ್ತ್ರಿಯವರ ಕೈಯನ್ನು ನಾನು ಹಗುರವಾಗಿ ಕಾಣಲಾರೆ. ನಟ್ ಹತ್ತುತ್ತ ಹತ್ತುತ್ತ ಬಿಗಿ ಏರಬೇಕಾದ ಕಡೆ ಏರದೆ ‘ಮೆತ್ತಗೆ’ ತಿರುಗಿದರೆ ಬೋಲ್ಟು ಸೋತಿದೆ ಎಂದು ಅವರ ಕೈ ತಕ್ಷಣ ಹೇಳುತ್ತದೆ. ರೆಂಚಿಗೆ ಆ ಬುದ್ಧಿ ಇಲ್ಲ. ಆದರೆ ಮೂರು ರಾಡ್‌ಗಳ ಆರು ನಟ್‌ಗಳನ್ನು ಒಂದೇ ಸಮನಾಗಿ ಬಿಗಿಯುವುದು ಬರಿಗೈಗೆ ಆಗುವ ಕೆಲಸವಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ರೆಂಚಿನಿಂದ ಬಿಗಿಯಿರಿ.

ಜೋಡಣೆಗೆ ಮುಂಚೆ ಬೋಲ್ಟು, ನಟ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ನಟ್ಟನ್ನು ಥ್ರೆಡ್‌ನ ಉದ್ದಕ್ಕೂ ಬರಿಗೈಯಲ್ಲಿ ಓಡಿಸಿ ನೋಡಿ. ಎಲ್ಲಿಯಾದರೂ ಹಿಡಿದರೆ ಆ ಜೋಡಿಯನ್ನು ಎಸೆಯಿರಿ. ಪ್ರತಿ ಕ್ಯಾಪ್ ತನ್ನದೇ ರಾಡ್‌ಗೆ, ಮೊದಲಿದ್ದ ದಿಕ್ಕಿನಲ್ಲೇ ಕೂರಬೇಕು. ರಾಡ್ ಮತ್ತು ಕ್ರ್ಯಾಂಕಿನ ನಡುವಿನ ಅರ್ಧವೃತ್ತದ ಲೋಹದ ಪದರ, ಅಂದರೆ ಬೇರಿಂಗ್ ಶೆಲ್‌ನ ಬೆನ್ನು ಮತ್ತು ಅದು ಕೂರುವ ಜಾಗ ಒಣಗಿರಬೇಕು, ಎಣ್ಣೆ ಒಳಮುಖಕ್ಕೆ ಮಾತ್ರ. ಬೋಲ್ಟು ರಾಡ್‌ನಲ್ಲೇ ಕೂತಿರುವ ಮಾದರಿಯಾದರೆ ಪಿಸ್ಟನ್ ಇಳಿಸುವ ಮುನ್ನ ಬೋಲ್ಟುಗಳ ತುದಿಗೆ ಹಳೆಯ ಪೆಟ್ರೋಲ್ ಪೈಪಿನ ತುಂಡುಗಳನ್ನು ತೊಡಿಸಿ. ಇಲ್ಲವಾದರೆ ಈಗಷ್ಟೇ ಗ್ರೈಂಡಿಂಗ್ ಮಾಡಿಸಿದ, ಕ್ರ್ಯಾಂಕಿನಲ್ಲಿ ರಾಡ್ ಕೂರುವ ಜರ್ನಲ್‌ಗೆ ಗೀರು ಬೀಳುವುದು ಖಂಡಿತ. ನಟ್‌ಗಳನ್ನು ಒಂದಾದ ಮೇಲೊಂದರಂತೆ ಸರದಿಯಲ್ಲಿ, ಮ್ಯಾನ್ಯುಯಲ್ ಹೇಳಿದ ಅಂಕಿಯ ಅರ್ಧ, ಮುಕ್ಕಾಲು, ಪೂರ್ತಿ ಎಂದು ಮೂರು ಹಂತಗಳಲ್ಲಿ, ರೆಂಚನ್ನು ಕುಕ್ಕದೆ ನಿಧಾನವಾಗಿ ಎಳೆದು ಬಿಗಿಯಿರಿ. ಒಂದೊಂದು ಕ್ಯಾಪ್ ಮುಗಿದಂತೆ ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿ. ಹಠಾತ್ತನೆ ಗಟ್ಟಿಯಾದರೆ ತಪ್ಪು ಕೊನೆಯ ಕ್ಯಾಪ್‌ನಲ್ಲಿದೆ, ಹುಡುಕಾಟ ಸುಲಭ. ಬೇರಿಂಗ್ ಸಂದನ್ನು ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆಯಿಂದ ಅಳೆಯುವಾಗ ಮಾತ್ರ ಕ್ರ್ಯಾಂಕನ್ನು ತಿರುಗಿಸಬೇಡಿ.

ಇನ್ನು ಮಾರನೆಯ ದಿನದ ಪರೀಕ್ಷೆ. ನಿಂತ ನಟ್ಟನ್ನು ಕದಲಿಸಲು ಬೇಕಾದ ಬಲ ತಿರುಗುತ್ತಿರುವ ನಟ್ಟಿಗೆ ಬೇಕಾದುದಕ್ಕಿಂತ ಹೆಚ್ಚು. ಹಾಗಾಗಿ ನಟ್ ಅಲುಗದೆ ರೆಂಚು ಕ್ಲಿಕ್ ಎಂದಿತೆಂದರೆ ಬಿಗಿ ಸರಿಯಿದೆ ಎಂದೇನೂ ಸಿದ್ಧವಾಗುವುದಿಲ್ಲ. ಅನುಮಾನವಿದ್ದರೆ ಸಡಿಲಿಸಿ ಮೊದಲಿನಿಂದ ಬಿಗಿಯಿರಿ. ಮುಗಿದ ನಟ್‌ಗೆ ಬಣ್ಣದ ಚುಕ್ಕೆ ಇಡಿ. ನೀವು ಮರೆತದ್ದು ಯಾವುದೆಂದು ರೆಂಚಿಗಿಂತ ಆ ಚುಕ್ಕೆ ಚೆನ್ನಾಗಿ ಹೇಳುತ್ತದೆ.

ಅಂಕಿಯ ಜೊತೆಗೆ ಮಾನವನ್ನೂ ಓದಿಕೊಳ್ಳಿ. ನಾನು ಹೊಸಬನಾಗಿದ್ದಾಗ ಪುಸ್ತಕದಲ್ಲಿ 30 ನ್ಯೂಟನ್ ಮೀಟರ್ ಎಂದಿದ್ದುದನ್ನು ರೆಂಚಿನ ಫುಟ್-ಪೌಂಡ್ ಗೆರೆಯಲ್ಲಿ 30ಕ್ಕೆ ಇಟ್ಟು ಬಿಗಿದೆ. ಅದು ಸುಮಾರು 41 ನ್ಯೂಟನ್ ಮೀಟರ್ ಆಯಿತು. ಎರಡನೇ ನಟ್ ಮೆತ್ತಗಾದಾಗಲೇ ಎಚ್ಚರವಾದದ್ದು. ಬಿಚ್ಚಿ ಹೊಸ ಬೋಲ್ಟಿನ ಥ್ರೆಡ್‌ಗೆ ಅದರ ಥ್ರೆಡ್ ಒತ್ತಿ ಬೆಳಕಿಗೆ ಹಿಡಿದರೆ ಹಲ್ಲುಗಳ ನಡುವೆ ಬೆಳಕು ಕಾಣುತ್ತಿತ್ತು. ಹಳೆಯ ಪುಸ್ತಕಗಳಲ್ಲಿ ಕೆ.ಜಿ.-ಮೀಟರ್ ಇರುತ್ತದೆ, 1 ಕೆ.ಜಿ.-ಮೀಟರ್ ಎಂದರೆ 9.8 ನ್ಯೂಟನ್ ಮೀಟರ್.

ಪ್ರಶ್ನೆ: ಹೊಸ ಕಾರುಗಳ ಪುಸ್ತಕದಲ್ಲಿ ‘ಇಷ್ಟು ಬಿಗಿದು ನಂತರ 90 ಡಿಗ್ರಿ ತಿರುಗಿಸಿ’ ಎಂದಿರುತ್ತದೆ. ಇದೇಕೆ? ಇಂಥ ಬೋಲ್ಟನ್ನು ಮತ್ತೆ ಬಳಸಬಹುದೇ?
– ಓದುಗರೊಬ್ಬರು, ಶಿರಾ

ಉತ್ತರ: ಉಜ್ಜಾಟದ ಕಾಟವನ್ನು ತಪ್ಪಿಸಲು. ಎರಡೂ ಮುಖಗಳು ಕೂರುವಷ್ಟು ಮೊದಲು ಬಿಗಿದುಕೊಂಡರೆ, ನಂತರದ ಹಿಗ್ಗು ಥ್ರೆಡ್‌ನ ಅಂತರದಿಂದ ನಿರ್ಧಾರವಾಗುತ್ತದೆ. ಥ್ರೆಡ್‌ನ ಅಂತರ 1 ಮಿಲಿಮೀಟರ್ ಆಗಿದ್ದರೆ ಕಾಲು ಸುತ್ತಿಗೆ ಬೋಲ್ಟು 0.25 ಮಿಲಿಮೀಟರ್ ಮುಂದೆ ಸರಿಯುತ್ತದೆ. ಎಣ್ಣೆ ಹೆಚ್ಚಿರಲಿ ಕಡಿಮೆಯಿರಲಿ ಅದು ಬದಲಾಗದು. ಕೋನವನ್ನು ಕಣ್ಣಂದಾಜಿನಲ್ಲಿ ಬಿಡದೆ ಬೋಲ್ಟಿನ ತಲೆಗೆ ಬಣ್ಣದ ಗೆರೆ ಎಳೆದುಕೊಳ್ಳಿ. ಇವುಗಳಲ್ಲಿ ಹಲವನ್ನು ಬೋಲ್ಟು ಶಾಶ್ವತವಾಗಿ ಹಿಗ್ಗುವ ಮಟ್ಟಕ್ಕೇ ಬಿಗಿಯುತ್ತಾರೆ. ಒಮ್ಮೆ ಮಾತ್ರ ಬಳಸಿ ಎಂದು ಪುಸ್ತಕ ಹೇಳಿದ್ದರೆ ಹೊಸದನ್ನೇ ಹಾಕಬೇಕು, ಅದರಲ್ಲಿ ಚೌಕಾಸಿ ಇಲ್ಲ. ಎರಡು ತುದಿಗೂ ಮೈಕ್ರೋಮೀಟರ್ ತಲುಪುವ ಬೋಲ್ಟಾದರೆ ಬಿಗಿಯುವ ಮುನ್ನ ಉದ್ದವನ್ನು ಅಳೆದು ಬರೆದಿಟ್ಟುಕೊಳ್ಳಿ. ಮುಂದೆ ಬಿಚ್ಚಿದಾಗ ಅದು ಹಳೆಯ ಉದ್ದಕ್ಕೆ ಮರಳದಿದ್ದರೆ ತೆಗೆದುಹಾಕಿ.

ಪ್ರಶ್ನೆ: ಟಾರ್ಕ್ ರೆಂಚಿನಿಂದಲೇ ನಟ್ ಬಿಚ್ಚಬಹುದೇ?
– ಓದುಗರೊಬ್ಬರು, ಮಧುಗಿರಿ

ಉತ್ತರ: ಬಿಚ್ಚಬಾರದು, ಅದಕ್ಕೆ ಸಾಧಾರಣ ಹಿಡಿಕೆ ಬಳಸಿ. ಕೆಲಸ ಮುಗಿದ ಮೇಲೆ ರೆಂಚನ್ನು ಅದರ ಅತಿ ಕಡಿಮೆ ಅಂಕಿಗೆ ಇಳಿಸಿ, ಡಬ್ಬಿಯಲ್ಲಿಡಿ.