ಮನೆಯ ನಾಲ್ಕು ಕಂಪ್ಯೂಟರ್ ಸೇರಿಸಿ ಒಂದೇ ದೊಡ್ಡ ವಿಡಿಯೊವನ್ನು ಬೇಗ ಕಂಪ್ರೆಸ್ ಮಾಡಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ರಾತ್ರಿಯಿಡೀ ನಡೆದ ಯಕ್ಷಗಾನದ ಎಂಟು ಗಂಟೆಯ ರೆಕಾರ್ಡಿಂಗ್ ಇದೆ. ಟ್ರೈಪಾಡ್ ಮೇಲೆ ಒಂದೇ ಕ್ಯಾಮೆರಾ, 1080ಪಿ, ಸೆಕೆಂಡಿಗೆ 25 ಫ್ರೇಮ್, 24 ಎಂಬಿಪಿಎಸ್ (ಸೆಕೆಂಡಿಗೆ 24 ಮೆಗಾಬಿಟ್). ಮನೆಯಲ್ಲಿ ಒಂದು ಹೊಸ ಡೆಸ್ಕ್‌ಟಾಪ್, ಎರಡು ಹಳೆಯ ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಇವೆ. ನಾಲ್ಕನ್ನೂ ನೆಟ್‌ವರ್ಕ್‌ನಲ್ಲಿ ಜೋಡಿಸಿ ಕೆಲಸ ಹಂಚಿದರೆ ಬೇಗ ಮುಗಿಯುತ್ತದೆಯೇ? ಸಮನಾಗಿ ನಾಲ್ಕು ಭಾಗ ಮಾಡಿದರೆ ಸಾಕೇ?

ಬೇಗ ಮುಗಿಯುತ್ತದೆ, ಆದರೆ ಸಮನಾಗಿ ನಾಲ್ಕು ಭಾಗ ಮಾಡಿದರೆ ಒಂದು ನಿಮಿಷವೂ ಉಳಿಯದೇ ಹೋಗಬಹುದು. ಲೆಕ್ಕ ನೋಡಿ. ಎಂಟು ಗಂಟೆ ಅಂದರೆ 28,800 ಸೆಕೆಂಡು, 7,20,000 ಫ್ರೇಮ್. ಹೊಸ ಯಂತ್ರ ಸೆಕೆಂಡಿಗೆ 40 ಫ್ರೇಮ್, ಹಳೆಯವು ತಲಾ 20, ಲ್ಯಾಪ್‌ಟಾಪ್ 10 ಫ್ರೇಮ್ ಎನ್‌ಕೋಡ್ (ಅಂದರೆ ಕಂಪ್ರೆಸ್) ಮಾಡುತ್ತವೆ ಅಂದುಕೊಳ್ಳೋಣ. ಹೊಸದೊಂದೇ ಕೂತು ಮಾಡಿದರೆ 18,000 ಸೆಕೆಂಡು, ಅಂದರೆ ಐದು ಗಂಟೆ. ಈಗ ಸಮಪಾಲು ಮಾಡಿ: ಪ್ರತಿಯೊಂದಕ್ಕೂ 1,80,000 ಫ್ರೇಮ್. ಲ್ಯಾಪ್‌ಟಾಪ್ ತನ್ನ ಪಾಲು ಮುಗಿಸಲು ತೆಗೆದುಕೊಳ್ಳುವುದೂ 18,000 ಸೆಕೆಂಡೇ! ಉಳಿದ ಮೂರು ಯಂತ್ರಗಳು ಎಂದೋ ಮುಗಿಸಿ ಸುಮ್ಮನೆ ಕೂತಿರುತ್ತವೆ. ಅದೇ ನಾಲ್ಕೂ ಕೊನೆಯವರೆಗೆ ದುಡಿದರೆ ಒಟ್ಟು ವೇಗ 90 ಫ್ರೇಮ್, ಕೆಲಸ 8,000 ಸೆಕೆಂಡಿನಲ್ಲಿ, ಎರಡೂಕಾಲು ಗಂಟೆಯೊಳಗೆ, ಮುಗಿಯುತ್ತದೆ. ಹಾಗಾಗಿ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೆಲಸವನ್ನು ಹೇಗೆ ಹಂಚುತ್ತೀರಿ ಎಂಬುದು. ನಿಮ್ಮ ಯಂತ್ರಗಳ ನಿಜವಾದ ವೇಗ ತಿಳಿಯಲು ಒಂದು ನಿಮಿಷದ ಒಂದೇ ತುಣುಕನ್ನು ಒಂದೇ ಸೆಟ್ಟಿಂಗ್‌ನಲ್ಲಿ ನಾಲ್ಕರಲ್ಲೂ ಎನ್‌ಕೋಡ್ ಮಾಡಿ, ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶ ತೋರಿಸುವ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಬರೆದಿಟ್ಟುಕೊಳ್ಳಿ.

ಅದಕ್ಕೂ ಮೊದಲು ಒಂದು ಮಾತು. ನಿಮ್ಮಲ್ಲಿ ಇಂಥ ರೆಕಾರ್ಡಿಂಗ್‌ಗಳು ಹತ್ತಿಪ್ಪತ್ತು ಇದ್ದರೆ ತುಂಡು ಮಾಡುವ ಗೋಜಿಗೇ ಹೋಗಬೇಡಿ. ಇಡೀ ಫೈಲನ್ನೇ ಒಂದೊಂದು ಯಂತ್ರಕ್ಕೆ ಕೊಡಿ, ಮುಗಿದ ಯಂತ್ರ ಮುಂದಿನ ಫೈಲ್ ಎತ್ತಿಕೊಳ್ಳಲಿ. ಟಿಡಾರ್ ಎಂಬ ತಂತ್ರಾಂಶ ಮಾಡುವುದೂ ಇದನ್ನೇ. ಒಂದೇ ಫೈಲನ್ನು ಒಡೆದು ಹಂಚಬೇಕಾದಾಗ ಮಾತ್ರ ಮುಂದಿನದೆಲ್ಲ ಬೇಕು. ವಿಡಿಯೊ ಕಂಪ್ರೆಸ್ ಮಾಡುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಈ ಸೌಲಭ್ಯವಿಲ್ಲ. ವಿಂಡೋಸ್‌ನಲ್ಲಿ ರಿಪ್‌ಬಾಟ್264 ತಾನೇ ತುಂಡು ಮಾಡಿ ಹಂಚುತ್ತದೆ. ಆದರೆ ಎಫ್‌ಎಫ್‌ಎಂಪೆಗ್ ಮತ್ತು ಒಂದು ಸಣ್ಣ ಸ್ಕ್ರಿಪ್ಟ್‌ನಿಂದ ಮಾಡಿದರೆ ಎಲ್ಲಿ ಏನು ಕೆಟ್ಟಿತು ಅಂತ ಕಣ್ಣಿಗೆ ಕಾಣುತ್ತದೆ, ನಾನು ಅದನ್ನೇ ಹೇಳುತ್ತೇನೆ.

ತುಂಡೇ ಏಕೆ ಮಾಡಬೇಕು, ಒಂದೊಂದು ಫ್ರೇಮನ್ನು ಒಂದೊಂದು ಯಂತ್ರಕ್ಕೆ ಕಳಿಸಬಾರದೇ ಅಂದರೆ, ಆಗುವುದಿಲ್ಲ. ಎನ್‌ಕೋಡರ್ ಪ್ರತಿ ಫ್ರೇಮನ್ನೂ ಅಕ್ಕಪಕ್ಕದ ಫ್ರೇಮ್‌ಗಳಿಗೆ ಹೋಲಿಸಿ ವ್ಯತ್ಯಾಸವನ್ನಷ್ಟೇ ಬರೆಯುತ್ತದೆ, ಆ ಫ್ರೇಮ್‌ಗಳು ಅದರ ಮೆಮೊರಿಯಲ್ಲೇ ಇರಬೇಕು. ಬಿಚ್ಚಿದ ಒಂದು 1080ಪಿ ಫ್ರೇಮ್ ಸುಮಾರು 3.1 ಎಂಬಿ. ಮೂರು ದೂರದ ಯಂತ್ರಗಳು ಸೇರಿ ಸೆಕೆಂಡಿಗೆ 50 ಫ್ರೇಮ್ ಕೇಳಿದರೆ 155 ಎಂಬಿ ಹರಿಯಬೇಕು, ಗಿಗಾಬಿಟ್ ತಂತಿಯ ಮಿತಿಯೇ 125. ಅದೇ ಕ್ಯಾಮೆರಾ ಕೊಟ್ಟ ಕಂಪ್ರೆಸ್ ಆದ ರೂಪದಲ್ಲೇ ಓದಿದರೆ ಸೆಕೆಂಡಿಗೆ ಬರೀ 6 ಎಂಬಿ ಸಾಕು. ಕೀಫ್ರೇಮ್‌ನಿಂದ (ಬೇರೆ ಯಾವುದಕ್ಕೂ ಹೋಲಿಸದೆ ಪೂರ್ತಿಯಾಗಿ ಬರೆದ ಫ್ರೇಮ್‌ನಿಂದ) ಶುರುವಾಗುವ ತುಂಡಿಗೆ ಹಿಂದಿನ ಯಾವ ಫ್ರೇಮಿನ ಹಂಗೂ ಇರುವುದಿಲ್ಲ. ಆದ್ದರಿಂದಲೇ ಕೆಲಸ ಹಂಚಲು ಅದು ಸರಿಯಾದ ಜಾಗ.

ತುಂಡಿನ ಉದ್ದ ಒಂದು ನಿಮಿಷ ಇರಲಿ, ಅಂದರೆ 1500 ಫ್ರೇಮ್. ಒಟ್ಟು 480 ತುಂಡು. ಹೊಸ ಯಂತ್ರ ಒಂದನ್ನು 37.5 ಸೆಕೆಂಡಿನಲ್ಲಿ ಮುಗಿಸಿದರೆ ಲ್ಯಾಪ್‌ಟಾಪ್ 150 ಸೆಕೆಂಡು ತೆಗೆದುಕೊಳ್ಳುತ್ತದೆ. ಹೀಗಾಗಿ ಕಟ್ಟಕಡೆಯ ತುಂಡು ಲ್ಯಾಪ್‌ಟಾಪ್ ಕೈಗೆ ಬಿದ್ದರೂ ಎರಡೂವರೆ ನಿಮಿಷಕ್ಕಿಂತ ಹೆಚ್ಚು ಕಾಯಬೇಕಿಲ್ಲ. ಹತ್ತು ನಿಮಿಷದ ತುಂಡು ಮಾಡಿದ್ದರೆ ಇದೇ ಕಾಯುವಿಕೆ 25 ನಿಮಿಷದವರೆಗೆ ಹೋಗುತ್ತಿತ್ತು. ಹಾಗಂತ ಎರಡು ಸೆಕೆಂಡಿಗೆ ಇಳಿಸಿದರೆ ಕೀಫ್ರೇಮ್‌ಗಳು ಹೆಚ್ಚಾಗಿ ಫೈಲ್ ಊದಿಕೊಳ್ಳುತ್ತದೆ. 1500 ಎಂಬ ಸಂಖ್ಯೆಗೆ ಇನ್ನೂ ಒಂದು ಅನುಕೂಲವಿದೆ. ಎಕ್ಸ್264 ಎಂಬ ಎನ್‌ಕೋಡರ್ ತಾನಾಗಿಯೇ ಹೆಚ್ಚೆಂದರೆ 250 ಫ್ರೇಮಿಗೊಂದು ಕೀಫ್ರೇಮ್ ಹಾಕುತ್ತದೆ. ಕದಲದ ಕ್ಯಾಮೆರಾದಲ್ಲಿ ದೃಶ್ಯ ಕಡಿಯುವುದೇ ಇಲ್ಲವಾದ್ದರಿಂದ 1500ನೆಯ ಫ್ರೇಮಿನ ಬಳಿ ಹೇಗೂ ಒಂದು ಕೀಫ್ರೇಮ್ ಬರಬೇಕಿತ್ತು. ಹಾಗಾಗಿ ಒಡೆದದ್ದಕ್ಕೆ ನೀವು ತೆರುವ ಬೆಲೆ ಹೆಚ್ಚುಕಡಿಮೆ ಸೊನ್ನೆ.

ಒಡೆಯುವಾಗ ಹೆಚ್ಚಿನವರು ಎಡವುವುದು ಇಲ್ಲಿ: ಎಫ್‌ಎಫ್‌ಎಂಪೆಗ್‌ನ ಸೆಗ್ಮೆಂಟ್ ಸೌಲಭ್ಯದಿಂದ ಮೂಲವನ್ನು ಕಾಪಿ ಮೋಡ್‌ನಲ್ಲೇ (ಮತ್ತೆ ಎನ್‌ಕೋಡ್ ಮಾಡದೆ, ಇದ್ದದ್ದನ್ನು ಇದ್ದಂತೆ ನಕಲಿಸುತ್ತ) ಕತ್ತರಿಸುತ್ತಾರೆ. ಅದು ಮೂಲದ ಕೀಫ್ರೇಮ್ ಇದ್ದಲ್ಲಿ ಮಾತ್ರ ಕತ್ತರಿಸಬಲ್ಲದು, ಅದರಿಂದ ತುಂಡುಗಳ ಉದ್ದ ಅಡ್ಡಾದಿಡ್ಡಿ. ಅದಕ್ಕಿಂತ ಕೆಟ್ಟದ್ದು, ಮೂಲ ಓಪನ್ ಜಿಒಪಿ (ಕೀಫ್ರೇಮಿನ ಗಡಿ ದಾಟಿ ಹೋಲಿಸಲು ಬಿಡುವ ರೀತಿ) ಆಗಿದ್ದರೆ ಕೀಫ್ರೇಮ್ ಆದಮೇಲೆ ಬರುವ ಕೆಲವು ಬಿ-ಫ್ರೇಮ್‌ಗಳು (ಹಿಂದೆ ಮುಂದೆ ಎರಡೂ ಕಡೆ ಹೋಲಿಸುವ ಫ್ರೇಮ್‌ಗಳು) ಹಿಂದಿನ ತುಂಡನ್ನು ನೋಡುತ್ತಿರುತ್ತವೆ. ಆ ತುಂಡು ಈಗ ಬೇರೆ ಫೈಲಿನಲ್ಲಿದೆ. ಆಗ ಸೇರುವಲ್ಲಿ ಒಂದೆರಡು ಫ್ರೇಮ್ ಕಾಣೆ, ಇಲ್ಲವೇ ಬೂದು ಕಲೆ.

ಅದಕ್ಕೆ ಮೂಲವನ್ನು ಕತ್ತರಿಸಲೇಬೇಡಿ. ಕ್ಯಾಮೆರಾ ಒಂದೇ ರೆಕಾರ್ಡಿಂಗನ್ನು ಹಲವು ಎಂಟಿಎಸ್ ಫೈಲುಗಳಾಗಿ ಒಡೆದಿದ್ದರೆ, ಅವನ್ನು ಬೈಟಿಗೆ ಬೈಟ್ ಸೇರಿಸಿ (ವಿಂಡೋಸ್‌ನ ಕಾಪಿ ಕಮಾಂಡಿಗೆ ಬೈನರಿ ಆಯ್ಕೆ ಕೊಟ್ಟು, ಲಿನಕ್ಸ್‌ನಲ್ಲಿ ಕ್ಯಾಟ್‌ನಿಂದ). ಆಮೇಲೆ ಕಾಪಿ ಮೋಡ್‌ನಲ್ಲಿ ಒಂದೇ ಎಂಕೆವಿ (ಇನ್ನೊಂದು ಬಗೆಯ ವಿಡಿಯೊ ಫೈಲ್) ಮಾಡಿ. ಎಂಟಿಎಸ್‌ನಲ್ಲಿ ಇಂಡೆಕ್ಸ್ ಇರುವುದಿಲ್ಲ, ನಡುವಿಗೆ ಜಿಗಿದರೆ ಎಲ್ಲಿ ಬೀಳುತ್ತದೆಂದು ನಂಬುವಂತಿಲ್ಲ. ಎಂಕೆವಿಯಲ್ಲಿ ಆ ತೊಂದರೆ ಇಲ್ಲ. ಈ 86 ಜಿಬಿ ಫೈಲನ್ನು ಹೊಸ ಡೆಸ್ಕ್‌ಟಾಪಿನಲ್ಲಿಟ್ಟು ಫೋಲ್ಡರ್ ಶೇರ್ ಮಾಡಿ. ಪ್ರತಿ ಯಂತ್ರವೂ ಅದನ್ನೇ ತೆರೆದು ತನಗೆ ಬೇಕಾದ ನಿಮಿಷಕ್ಕೆ ಜಿಗಿಯಲಿ. ಇನ್‌ಪುಟ್ ಹೆಸರಿನ ಮೊದಲು ಎಸ್‌ಎಸ್ (ಎಲ್ಲಿಂದ ಶುರು ಎಂದು ಹೇಳುವ) ಆಯ್ಕೆ ಕೊಟ್ಟರೆ ಎಫ್‌ಎಫ್‌ಎಂಪೆಗ್ ಹಿಂದಿನ ಕೀಫ್ರೇಮಿಗೆ ಹೋಗಿ ಅಲ್ಲಿಂದ ಡಿಕೋಡ್ ಮಾಡುತ್ತ ಬಂದು, ಕೇಳಿದ ಫ್ರೇಮಿನಿಂದಲೇ ಕೊಡುತ್ತದೆ.

ಒಂದು ತುಂಡನ್ನು ಹತ್ತಿರದಿಂದ ನೋಡೋಣ. ಸೊನ್ನೆಯಿಂದ ಎಣಿಸಿದರೆ 137ನೆಯ ತುಂಡು ಶುರುವಾಗುವುದು 8220ನೆಯ ಸೆಕೆಂಡಿನಲ್ಲಿ, 2,05,500ನೆಯ ಫ್ರೇಮಿನಿಂದ. ಎಸ್‌ಎಸ್‌ಗೆ 8220 ಅಂತಲೇ ಕೊಟ್ಟರೆ ದಶಮಾಂಶದ ಸುತ್ತುವಿಕೆಯಿಂದ ಆ ಫ್ರೇಮ್ ತಪ್ಪಿ ಮುಂದಿನದರಿಂದ ಶುರುವಾಗುವ ಅಪಾಯವಿದೆ. ಅರ್ಧ ಫ್ರೇಮ್, ಅಂದರೆ 0.02 ಸೆಕೆಂಡು, ಮೊದಲೇ ನಿಲ್ಲಿಸಿ: 8219.98. ಸೆಟ್‌ಪಿಟಿಎಸ್ ಫಿಲ್ಟರಿನಿಂದ ಸಮಯವನ್ನು ಸೊನ್ನೆಗೆ ತನ್ನಿ. ಎಷ್ಟು ಫ್ರೇಮ್ ಅನ್ನುವುದನ್ನು 1500 ಅಂತ ಎಣಿಕೆಯಲ್ಲೇ ಹೇಳಿ, ಸೆಕೆಂಡಿನಲ್ಲಿ ಬೇಡ. ನಿಮ್ಮ ಕ್ಯಾಮೆರಾ ನಿಜಕ್ಕೂ 50ಐ ಆಗಿದ್ದು (ಸೆಕೆಂಡಿಗೆ 50 ಫೀಲ್ಡ್, ಅಂದರೆ ಗೆರೆ ಬಿಟ್ಟು ಗೆರೆ ತೆಗೆದ ಅರ್ಧ ಚಿತ್ರಗಳು) ಅವನ್ನು ಪೂರ್ಣ ಫ್ರೇಮ್‌ಗಳಾಗಿಸುವ ಡಿಇಂಟರ್‌ಲೇಸ್ ಮಾಡಬೇಕಿದ್ದರೆ ಹತ್ತು ಫ್ರೇಮ್ ಹಿಂದಿನಿಂದ ಶುರು ಮಾಡಿ, ಫಿಲ್ಟರ್ ಆದಮೇಲೆ ಆ ಹತ್ತನ್ನು ಟ್ರಿಮ್ ಮಾಡಿ. ಇಲ್ಲದಿದ್ದರೆ ಪ್ರತಿ ತುಂಡಿನ ಮೊದಲ ಫ್ರೇಮಿಗೆ ಹೋಲಿಸಲು ಹಿಂದಿನ ಫೀಲ್ಡ್ ಸಿಗುವುದಿಲ್ಲ.

ಸೆಟ್ಟಿಂಗ್: ಎಕ್ಸ್264, ಸಿಆರ್‌ಎಫ್ 20, ಪ್ರಿಸೆಟ್ ಸ್ಲೋ, ರೆಫರೆನ್ಸ್ 4, ಲೆವೆಲ್ 4.1, ಕೀಇಂಟ್ 250, ಇಷ್ಟನ್ನೂ ಎಲ್ಲ ಯಂತ್ರಗಳಲ್ಲೂ ಅಕ್ಷರಶಃ ಒಂದೇ ಇಡಿ. ಬಿಟ್‌ರೇಟ್ ಗುರಿ ಕೊಡುವುದು, ಎರಡು ಪಾಸ್ ಮಾಡುವುದು ಇಲ್ಲಿ ಬೇಡವೇ ಬೇಡ. ಎರಡು ಪಾಸಿನ ಪ್ರಯೋಜನವೇ ಇಡೀ ಚಿತ್ರವನ್ನು ನೋಡಿ ಬಿಟ್‌ಗಳನ್ನು ಹಂಚುವುದು. ತುಂಡು ಮಾಡಿದಾಗ ಪ್ರತಿ ನಿಮಿಷವೂ ತನ್ನದೇ ಸರಾಸರಿ ತಲುಪಲು ಹೆಣಗುತ್ತದೆ. ಇಬ್ಬರು ಪಾತ್ರಧಾರಿಗಳು ನಿಂತು ಅರ್ಥ ಹೇಳುವ ನಿಮಿಷಕ್ಕೂ, ನಾಲ್ಕೈದು ವೇಷಗಳು ಧಿಗಿಣ ಹಾಕುವ ಯುದ್ಧದ ನಿಮಿಷಕ್ಕೂ ಒಂದೇ ಅಳತೆಯ ಬಿಟ್ ಸಿಗುತ್ತದೆ. ಮೊದಲನೆಯದರಲ್ಲಿ ವ್ಯರ್ಥ, ಎರಡನೆಯದರಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಸಿಆರ್‌ಎಫ್ ಗುಣಮಟ್ಟವನ್ನು ಸ್ಥಿರವಾಗಿಟ್ಟು ಬಿಟ್‌ಗಳನ್ನು ದೃಶ್ಯದ ಪಾಡಿಗೆ ಬಿಡುತ್ತದೆ. ಎಕ್ಸ್264 ಬದಲು ಎಕ್ಸ್265 ಎನ್‌ಕೋಡರ್ ಬಳಸುವುದಾದರೆ ಅದರಲ್ಲಿ ಓಪನ್ ಜಿಒಪಿ ತಾನಾಗಿಯೇ ಆನ್ ಇರುತ್ತದೆ, ಆಫ್ ಮಾಡಿ.

ಹಾಗೆಯೇ ಒಂದು ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್, ಉಳಿದವುಗಳಲ್ಲಿ ಎಕ್ಸ್264 ಎಂದು ಬೆರೆಸಬೇಡಿ. ಸೇರಿಸಿದ ಫೈಲಿನಲ್ಲಿ ಡಿಕೋಡರಿಗೆ ಬೇಕಾದ ಹೆಡರ್ ಮೊದಲ ತುಂಡಿನದು ಮಾತ್ರ ಉಳಿಯುತ್ತದೆ. ಬೇರೆ ಎನ್‌ಕೋಡರಿನ ತುಂಡು ಬಂದಲ್ಲಿ ಪರದೆ ಹಸಿರಾಗಬಹುದು, ಪ್ಲೇಯರ್ ನಿಲ್ಲಬಹುದು. ಒಂದೇ ಎಫ್‌ಎಫ್‌ಎಂಪೆಗ್ ಬಿಲ್ಡನ್ನು ನಾಲ್ಕೂ ಕಡೆ ನಕಲು ಮಾಡಿ ಹಾಕಿ. ಎಕ್ಸ್264 ತನ್ನ ಆವೃತ್ತಿ, ಸೆಟ್ಟಿಂಗ್ ಎಲ್ಲವನ್ನೂ ಸ್ಟ್ರೀಮಿನೊಳಗೇ ಬರೆದಿಡುತ್ತದೆ, ಮೀಡಿಯಾಇನ್ಫೋ ಎಂಬ ತಂತ್ರಾಂಶದಲ್ಲಿ ತೆರೆದರೆ ಕಾಣುತ್ತದೆ.

ಇನ್ನು ಹಂಚುವ ಸ್ಕ್ರಿಪ್ಟ್. ಶೇರ್ ಮಾಡಿದ ಜಾಗದಲ್ಲಿ ಮೂರು ಫೋಲ್ಡರ್: ಬಾಕಿ, ನಡೆಯುತ್ತಿರುವುದು, ಮುಗಿದದ್ದು. ಬಾಕಿಯಲ್ಲಿ 0000 ರಿಂದ 0479 ರವರೆಗೆ 480 ಖಾಲಿ ಫೈಲುಗಳು, ಒಂದೊಂದೂ ಒಂದು ಚೀಟಿ. ಯಂತ್ರ ಒಂದು ಚೀಟಿಯನ್ನು ನಡೆಯುತ್ತಿರುವ ಫೋಲ್ಡರಿಗೆ ರೀನೇಮ್ ಮಾಡುತ್ತದೆ, ಕೊನೆಗೆ ತನ್ನ ಹೆಸರು ಅಂಟಿಸಿ. ಇಬ್ಬರು ಒಮ್ಮೆಗೇ ಕೈ ಹಾಕಿದರೂ ರೀನೇಮ್ ಒಬ್ಬರಿಗೇ ದಕ್ಕುತ್ತದೆ, ಇನ್ನೊಬ್ಬರಿಗೆ ಫೈಲ್ ಇಲ್ಲ ಎಂಬ ಎರರ್ ಬರುತ್ತದೆ, ಅವರು ಮುಂದಿನ ಚೀಟಿ ನೋಡಲಿ. ಫೈಲ್ ಇದೆಯೇ ಅಂತ ನೋಡಿ ಆಮೇಲೆ ಬರೆಯುವ ಸ್ಕ್ರಿಪ್ಟ್ ಮಾಡಿದರೆ ಒಂದೇ ತುಂಡನ್ನು ಇಬ್ಬರು ಎತ್ತಿಕೊಳ್ಳುವುದು ಖಂಡಿತ. ಎನ್‌ಕೋಡ್ ಆಗುವ ಫೈಲನ್ನು ಆಯಾ ಯಂತ್ರ ತನ್ನ ಡಿಸ್ಕಿನಲ್ಲೇ ಬರೆಯಲಿ. ಮುಗಿದಮೇಲೆ ತಾತ್ಕಾಲಿಕ ಹೆಸರಿನಲ್ಲಿ ಶೇರ್‌ಗೆ ನಕಲಿಸಿ, ನಕಲು ಪೂರ್ತಿಯಾದ ನಂತರವೇ ನಿಜವಾದ ಹೆಸರು ಕೊಡಲಿ. ನಡುವೆ ಕರೆಂಟ್ ಹೋದರೆ ಅರ್ಧ ಬರೆದ ಫೈಲ್ ಮುಗಿದ ಫೈಲಿನಂತೆ ಕಾಣುವುದು ಇದರಿಂದ ತಪ್ಪುತ್ತದೆ. ಒಂದು ಚೀಟಿ ನಡೆಯುತ್ತಿರುವ ಫೋಲ್ಡರಿಗೆ ಬಂದು ಹತ್ತು ನಿಮಿಷ ದಾಟಿದ್ದರೆ ಆ ಯಂತ್ರ ನಿಂತಿದೆ ಅಂತಲೇ ಲೆಕ್ಕ, ಅದನ್ನು ಬಾಕಿಗೆ ಮರಳಿಸಿ. ಈ ಪರೀಕ್ಷೆ ಫೈಲ್ ಇಟ್ಟಿರುವ ಯಂತ್ರ ಮಾತ್ರ ಮಾಡಲಿ, ನಾಲ್ಕರ ಗಡಿಯಾರಗಳೂ ಒಂದೇ ಇರುತ್ತವೆಂದು ನಂಬಬೇಡಿ.

ಲ್ಯಾಪ್‌ಟಾಪ್ ಮೊದಲೆರಡು ನಿಮಿಷ ಚುರುಕಾಗಿದ್ದು ಬಿಸಿಯೇರಿದ ಮೇಲೆ ವೇಗ ತಗ್ಗಿಸಿಕೊಳ್ಳುವುದು ಸಾಮಾನ್ಯ. ಕೈ ಖಾಲಿಯಾದಾಗ ಮಾತ್ರ ಚೀಟಿ ಎತ್ತುವ ಈ ಪದ್ಧತಿಯಲ್ಲಿ ಅದಕ್ಕೇನೂ ವಿಶೇಷ ಏರ್ಪಾಡು ಬೇಕಿಲ್ಲ. ವೈಫೈ ಬೇಡ, ತಂತಿ ಎಳೆಯಿರಿ. ಹಳೆಯ 100 ಎಂಬಿಪಿಎಸ್ ಸ್ವಿಚ್ ಸೆಕೆಂಡಿಗೆ 11 ಎಂಬಿ ಕೊಡುತ್ತದೆ, 6 ಎಂಬಿ ಓದಿಗೆ ಸಾಕಾದರೂ ಗಿಗಾಬಿಟ್ ಇದ್ದರೆ ನಿಶ್ಚಿಂತೆ.

ಧ್ವನಿಯ ವಿಷಯದಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ. ಧ್ವನಿಯನ್ನು ತುಂಡು ಮಾಡಲೇಬಾರದು. ಎಎಸಿ ಎಂಬ ಧ್ವನಿ ರೂಪದ ಒಂದು ಫ್ರೇಮಿನಲ್ಲಿ 1024 ಸ್ಯಾಂಪಲ್, 48 ಕಿಲೋಹರ್ಟ್ಸ್‌ನಲ್ಲಿ 21.3 ಮಿಲಿಸೆಕೆಂಡು. ಒಂದು ನಿಮಿಷಕ್ಕೆ 2812.5 ಫ್ರೇಮ್ ಬೇಕು, ಅರ್ಧ ಫ್ರೇಮ್ ಎಂಬುದಿಲ್ಲ, ಎನ್‌ಕೋಡರ್ ಮೌನ ತುಂಬಿಸುತ್ತದೆ. ಜೊತೆಗೆ ಪ್ರತಿ ತುಂಡಿನ ಆರಂಭದಲ್ಲಿ ಒಂದು ಫ್ರೇಮಿನಷ್ಟು ಮೌನ ಸೇರಿಸುತ್ತದೆ. ಆ ಆರಂಭದ ಮೌನವೊಂದೇ 480 ತುಂಡಿಗೆ ಹತ್ತು ಸೆಕೆಂಡು ದಾಟುತ್ತದೆ. ಬೆಳಗಿನ ಜಾವದ ಹೊತ್ತಿಗೆ ಚೆಂಡೆಯ ಕೋಲು ಬಿದ್ದು ಎಷ್ಟೋ ಹೊತ್ತಿನ ಮೇಲೆ ಸದ್ದು ಬರುತ್ತದೆ. ಅದಕ್ಕೂ ಮೊದಲೇ, ಭಾಗವತರ ಹಿಂದೆ ಎಡೆಬಿಡದೆ ಮೊಳಗುವ ಶ್ರುತಿಯಲ್ಲಿ ನಿಮಿಷಕ್ಕೊಮ್ಮೆ ಟಕ್ ಎಂದು ಕೇಳುತ್ತದೆ. ಎಂಟು ಗಂಟೆಯ ಧ್ವನಿಯನ್ನು ಒಂದೇ ಯಂತ್ರದಲ್ಲಿ ಒಂದೇ ಉಸಿರಿಗೆ ಎನ್‌ಕೋಡ್ ಮಾಡಿ. ವಿಡಿಯೊ ಮುಗಿಯುವ ಎಷ್ಟೋ ಮೊದಲೇ ಅದು ಮುಗಿದಿರುತ್ತದೆ.

ಕೊನೆಗೆ ಸೇರಿಸುವುದು. ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್‌ನಿಂದ ಪ್ರತಿ ತುಂಡಿನ ಪ್ಯಾಕೆಟ್ (ಫ್ರೇಮಿಗೊಂದು) ಎಣಿಸಿ, 1500 ಇರಲೇಬೇಕು, ಕೊನೆಯದರಲ್ಲಿ ಮಾತ್ರ ಹೆಚ್ಚುಕಮ್ಮಿ ಇರಬಹುದು. 1499 ಕಂಡರೆ ಆ ಚೀಟಿಯನ್ನು ಬಾಕಿಗೆ ಹಾಕಿ ಮತ್ತೆ ಮಾಡಿಸಿ. ಹಲವು ತುಂಡುಗಳಲ್ಲಿ ಕೊರತೆ ಕಂಡರೆ ಎಂಟಿಎಸ್ ಜೋಡಿಸಿದ ಜಾಗಗಳನ್ನು ಮೊದಲು ನೋಡಿ. ಹೆಸರುಗಳ ಪಟ್ಟಿಯನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ಎಫ್‌ಎಫ್‌ಎಂಪೆಗ್‌ನ ಕಾನ್‌ಕ್ಯಾಟ್ ಡಿಮಕ್ಸರಿಗೆ (ಫೈಲುಗಳನ್ನು ಸಾಲಾಗಿ ಜೋಡಿಸುವ ಸೌಲಭ್ಯಕ್ಕೆ) ಕೊಡಿ, ಕಾಪಿ ಮೋಡ್‌ನಲ್ಲಿ, ಧ್ವನಿಯ ಫೈಲನ್ನು ಎರಡನೆಯ ಇನ್‌ಪುಟ್ ಆಗಿ. ನಾಲ್ಕು ಅಂಕಿಯ ಹೆಸರು ಕೊಟ್ಟದ್ದು ಇದಕ್ಕೇ, ಇಲ್ಲದಿದ್ದರೆ ಪಟ್ಟಿಯಲ್ಲಿ 2ಕ್ಕಿಂತ ಮೊದಲು 10 ಬಂದು ಕೂರುತ್ತದೆ. ಸೇರಿಸಿದ ಫೈಲಿನಲ್ಲಿ 7,20,000 ಫ್ರೇಮ್ ಇದೆಯೇ ನೋಡಿ. ಆಮೇಲೆ ಕಡೆಯ ಹತ್ತು ನಿಮಿಷ ತೆರೆದು, ಚೆಂಡೆಯ ಪೆಟ್ಟಿಗೂ ಕೋಲಿಗೂ ತಾಳೆಯಾಗುತ್ತದೆಯೇ ಅಂತ ಕಣ್ಣಿಟ್ಟು ಕಿವಿಗೊಟ್ಟು ನೋಡಿ. ಅದು ಸರಿಯಿದ್ದ ಮೇಲೆಯೇ ಕ್ಯಾಮೆರಾದ ಕಾರ್ಡ್ ಅಳಿಸಿ.